ಪಡಿತರ ಪಡೆಯುವಲ್ಲಿ ಆಡಳಿತಾತ್ಮಕ ತೊಡಕುಗಳು (ಭಾರತ)

ಅಗ್ಗದ ಆಹಾರಧಾನ್ಯಕ್ಕೆ ಅರ್ಹರಾದವರೇ ಪಟ್ಟಿ, ಚೀಟಿ, ಗುರುತಿನ ಪರಿಶೀಲನೆಗಳ ನಿಯಮಗಳಿಂದಾಗಿ ಅದರಿಂದ ಹೊರಗುಳಿಯುವ ಸಮಸ್ಯೆ ಭಾರತದ ಪಡಿತರ ವ್ಯವಸ್ಥೆಯ ಉದ್ದಕ್ಕೂ ಕಂಡುಬರುತ್ತದೆ. ನಿಯಮಗಳು ಬದಲಾದಂತೆ ತೊಡಕಿನ ಸ್ವರೂಪ ಬದಲಾಗಿದೆ. ಅರ್ಹತೆಯನ್ನು ರುಜುವಾತುಪಡಿಸುವ ಹೊಣೆ ಮಾತ್ರ ಬಹುಪಾಲು ಅರ್ಜಿದಾರರ ಮೇಲೆಯೇ ಉಳಿದಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರಗಳಲ್ಲಿ ಬೇರೂರಿದ ಪಡಿತರ ಪದ್ಧತಿ ಮುಂದೆ ಹಳ್ಳಿಗಳಿಗೂ ಹರಡಿತು. ಚೀಟಿ ಪಡೆಯಲು ವಾಸಸ್ಥಳದ ಪುರಾವೆ ಬೇಕಿದ್ದುದರಿಂದ ಕೊಳೆಗೇರಿ ನಿವಾಸಿಗಳಿಗೂ ವಲಸೆ ಕಾರ್ಮಿಕರಿಗೂ ಅದು ಸುಲಭವಾಗಿ ಸಿಗುತ್ತಿರಲಿಲ್ಲ. 1997ರ ಜೂನ್‌ನಲ್ಲಿ ಜಾರಿಗೆ ಬಂದ ಉದ್ದೇಶಿತ ವಿತರಣಾ ವ್ಯವಸ್ಥೆ ಕುಟುಂಬಗಳನ್ನು ಬಡತನ ರೇಖೆಯ ಕೆಳಗಿನವು, ಮೇಲಿನವು ಎಂದು ವಿಂಗಡಿಸಿತು. ಪ್ರತಿ ರಾಜ್ಯದ ಬಡವರ ಸಂಖ್ಯೆಗೆ ಯೋಜನಾ ಆಯೋಗದ ಅಂದಾಜೇ ಮಿತಿಯಾಯಿತು. 2002ರ ಗ್ರಾಮೀಣ ಸಮೀಕ್ಷೆಯಲ್ಲಿ ಜಮೀನು, ಮನೆ, ಬಟ್ಟೆ ಮೊದಲಾದ 13 ಅಂಶಗಳಿಗೆ ಅಂಕ ನೀಡಿ ಕುಟುಂಬಗಳನ್ನು ಗುರುತಿಸಲಾಯಿತು. ಹೀಗಾಗಿ ನಿಜವಾದ ಬಡವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದೂ ಉಳ್ಳವರ ಹೆಸರು ಸೇರುವುದೂ ವ್ಯಾಪಕ ಟೀಕೆಗೆ ಗುರಿಯಾದವು.

2001ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ನೀಡಿದ ಮಧ್ಯಂತರ ಆದೇಶಗಳು ಆಹಾರ ಯೋಜನೆಗಳಿಗೆ ಹಕ್ಕಿನ ಬಲ ತಂದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನಸಂಖ್ಯೆಯ ಶೇ. 75, ನಗರ ಜನಸಂಖ್ಯೆಯ ಶೇ. 50ರವರೆಗೆ ವ್ಯಾಪ್ತಿ ನೀಡಿತಲ್ಲದೆ ಜಿಲ್ಲಾ ಕುಂದುಕೊರತೆ ಅಧಿಕಾರಿ ಮತ್ತು ರಾಜ್ಯ ಆಹಾರ ಆಯೋಗಗಳಿಗೂ ಅವಕಾಶ ಕಲ್ಪಿಸಿತು. ಆದರೆ ಫಲಾನುಭವಿಗಳ ಮಿತಿಯನ್ನು 2011ರ ಜನಗಣತಿಯ ಮೇಲೆ ನಿಗದಿಪಡಿಸಿದ್ದು, 2021ರ ಗಣತಿ ಮುಂದೂಡಲ್ಪಟ್ಟಿದ್ದರಿಂದ ಜನಸಂಖ್ಯೆ ಬೆಳೆದರೂ ಮಿತಿ ಹಾಗೆಯೇ ಉಳಿಯಿತು.

2017ರ ಫೆಬ್ರವರಿಯ ಅಧಿಸೂಚನೆ ಪಡಿತರಕ್ಕೆ ಆಧಾರ್ ಜೋಡಿಸಿತು. ನ್ಯಾಯಬೆಲೆ ಅಂಗಡಿಗಳ ಯಂತ್ರದಲ್ಲಿ ಹೆಬ್ಬೆಟ್ಟು ಒತ್ತುವ ಪದ್ಧತಿ ಖೋಟಾ ಚೀಟಿಗಳನ್ನು ತಡೆಯುವ ಉದ್ದೇಶದ್ದು. ಆದರೆ ದುಡಿಮೆಯಿಂದ ಬೆರಳಚ್ಚು ಸವೆದವರು, ವೃದ್ಧರು, ಸಂಪರ್ಕಜಾಲ ದುರ್ಬಲವಾಗಿರುವ ಊರಿನವರು 'ಸರ್ವರ್ ಇಲ್ಲ' ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳಬೇಕಾಯಿತು. ಆಧಾರ್ ಇಲ್ಲವೆಂಬ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂದು ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೌಲಭ್ಯಗಳಿಗೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು. ದೃಢೀಕರಣ ವಿಫಲವಾದ ಅರ್ಹರನ್ನು ಹೊರಗಿಡಬಾರದೆಂದೂ ಹೇಳಿತು.

ಕರ್ನಾಟಕದ 2011ರ ಸಕಾಲ ಕಾಯ್ದೆ ಸರ್ಕಾರಿ ಸೇವೆಗಳಿಗೆ ಕಾಲಮಿತಿ ವಿಧಿಸಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಗೊತ್ತುಪಡಿಸಿತು. 2019ರಲ್ಲಿ ಆರಂಭವಾದ 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ಯೋಜನೆ 2022ರ ಜೂನ್‌ನಲ್ಲಿ ಎಲ್ಲ ರಾಜ್ಯಗಳನ್ನೂ ಕೇಂದ್ರಾಡಳಿತ ಪ್ರದೇಶಗಳನ್ನೂ ತಲುಪಿ ವಲಸಿಗರ ಒಂದು ದೊಡ್ಡ ತೊಡಕನ್ನು ನಿವಾರಿಸಿತು. ಆದರೆ ಈ ಅನುಕೂಲ ಈಗಾಗಲೇ ಚೀಟಿಯಿರುವವರಿಗೆ ಮಾತ್ರ. ಪಟ್ಟಿಗೇ ಸೇರದವರು ಇದರ ವ್ಯಾಪ್ತಿಗೆ ಬರುವುದಿಲ್ಲ.