ಚಟ ಹತ್ತುವುದು, ಹತ್ತಿಸುವುದು

‘ಅವನಿಗೆ ಇಸ್ಪೀಟಿನ ಚಟ ಹತ್ತಿದೆ’ ಎನ್ನುತ್ತೇವೆ. ಈ ವಾಕ್ಯದ ಯಜಮಾನ ಅವನಲ್ಲ, ಚಟ. ಅವನು ಚತುರ್ಥಿ ವಿಭಕ್ತಿ ಹಚ್ಚಿಕೊಂಡು ‘ಅವನಿಗೆ’ ಎಂದು ಬದಿಗೆ ನಿಂತಿದ್ದಾನೆ. ಜ್ವರ ಬಂದವನು, ಹುಚ್ಚು ಹಿಡಿದವನು, ನಿದ್ದೆ ಹತ್ತಿದವನು ಎಲ್ಲರೂ ನಮ್ಮ ವ್ಯಾಕರಣದಲ್ಲಿ ನಿಲ್ಲುವುದು ಹೀಗೆಯೇ. ಧಾರವಾಡ, ವಿಜಯಪುರದ ಕಡೆ ‘ಚಟಾ ಮಾಡ್ತಾನ’ ಎಂಬ ಮಾತೂ ಉಂಟು, ನಿಜ. ಆದರೆ ಅಲ್ಲಿಯೂ ಚಟ ಮೊದಲು ಹತ್ತಬೇಕು, ಆಮೇಲೆ ಮಾಡುವುದು. ಇನ್ನು ಚಟ ಹೋಗುವ ಮಾತು ಬಂತೋ, ವಾಕ್ಯ ಮಗ್ಗುಲು ಬದಲಿಸುತ್ತದೆ. ‘ಅವನು ಚಟ ಬಿಟ್ಟ’ ಎನ್ನುತ್ತೇವೆ. ಇಲ್ಲವೇ, ‘ಎಷ್ಟು ಹೇಳಿದರೂ ಬಿಡಲಿಲ್ಲ’ ಎನ್ನುತ್ತೇವೆ. ಈಗ ಕರ್ತೃ ಅವನೇ. ಹತ್ತಿದ್ದು ತಾನಾಗಿ, ಬಿಡಬೇಕಾದವನು ಅವನು. ಜೂಜಿನ ಬಗ್ಗೆ ಮನಶ್ಶಾಸ್ತ್ರ ಇಷ್ಟು ವರ್ಷ ಹೆಣಗಾಡಿರುವುದು ಈ ಎರಡು ವಾಕ್ಯಗಳ ನಡುವಿನ ಜಾಗದಲ್ಲೇ ಎಂದು ನನಗೆ ಅನ್ನಿಸುತ್ತದೆ.

ಚಟ ಬಹಳ ಉದಾರವಾದ ಪದ. ಕಾಫಿ ಚಟ, ನಶ್ಯದ ಚಟ, ಎಲೆಅಡಿಕೆ ಚಟ, ಓದುವ ಚಟ, ಚಾಡಿ ಹೇಳುವ ಚಟ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಎಲ್ಲವೂ ಕೆಟ್ಟದ್ದಲ್ಲ, ಆದ್ದರಿಂದಲೇ ಕೆಟ್ಟದ್ದನ್ನು ಬೇರೆ ಮಾಡಲು ಸಂಸ್ಕೃತದ ‘ದುಸ್’ ಅಂಟಿಸಿ ‘ದುಶ್ಚಟ’ ಮಾಡಿಕೊಂಡೆವು. ಊರಿನ ಗೋಡೆಗಳ ಮೇಲೆ ‘ಚಟ ಚಟ್ಟಕ್ಕೆ ದಾರಿ’ ಎಂದು ಬರೆಸಿದೆವು. ಪಕ್ಕದಲ್ಲೇ ಬೇರೆ ಪದಗಳೂ ಇವೆ. ಖಯಾಲಿಯಲ್ಲಿ ಸ್ವಲ್ಪ ಮುದ್ದು ಇದೆ, ತೆವಲಿನಲ್ಲಿ ಬರೀ ತಿರಸ್ಕಾರ. ಗೀಳನ್ನು ನಮ್ಮ ಮನೋವೈದ್ಯರು ಬೇರೆಯೇ ಒಂದು ಕಾಯಿಲೆಗೆ ಎತ್ತಿಟ್ಟುಕೊಂಡಿದ್ದಾರೆ, ಹತ್ತಾರು ಸಲ ಕೈ ತೊಳೆಯುವ, ಬೀಗ ಹಾಕಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುವ ಕಾಯಿಲೆಗೆ. ಗೀಳು ಬೇಡದೆ ಬರುವುದು. ಚಟ ಬೇಕೆನಿಸಿ ಬರುವುದು, ಕಡೆಗೆ ಬೇಡವಾದರೂ ಬೇಕೆನಿಸುತ್ತಲೇ ಇರುವುದು.

ವೈದ್ಯಶಾಸ್ತ್ರ ಇಷ್ಟು ಉದಾರವಾಗಿರಲಿಲ್ಲ. ಚಟವೆಂದರೆ ಹೆಂಡ, ಅಫೀಮು, ತಂಬಾಕು. ದೇಹದೊಳಗೆ ಏನಾದರೂ ಇಳಿಯಬೇಕು ಎಂಬುದು ಅದರ ಲೆಕ್ಕ. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಕೈಪಿಡಿಯಲ್ಲಿ ಜೂಜನ್ನು ಮೊದಲ ಬಾರಿಗೆ ಸೇರಿಸಿದ್ದು 1980ರಲ್ಲಿ. ಆಗಲೂ ಅದನ್ನು ಕೂರಿಸಿದ್ದು ಮದ್ಯದ ಸಾಲಿನಲ್ಲಲ್ಲ. ಕದಿಯುವ, ಬೆಂಕಿ ಹಚ್ಚುವ ತುಡಿತಗಳ ಸಾಲಿನಲ್ಲಿ. 2013ರ ಐದನೆಯ ಆವೃತ್ತಿಯಲ್ಲಷ್ಟೇ ಜೂಜು ಮದ್ಯ, ಅಫೀಮುಗಳ ಪಕ್ಕಕ್ಕೆ ಬಂತು. ಹೊರಗಿನಿಂದ ಒಂದು ಹನಿಯೂ ದೇಹಕ್ಕೆ ಇಳಿಯದ ಚಟವೊಂದನ್ನು ಚಟವೆಂದು ಒಪ್ಪಿಕೊಂಡದ್ದು ಆಗ. ವಿಡಿಯೋ ಗೇಮ್ ಅನ್ನು ‘ಇನ್ನೂ ಅಧ್ಯಯನ ಬೇಕು’ ಎಂದು ಕೈಪಿಡಿಯ ಕೊನೆಯ ಭಾಗದಲ್ಲಿ ಇಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನೂ ತನ್ನ ಪಟ್ಟಿಗೆ ಸೇರಿಸಿತು. ಈ ನಿಧಾನ ಸರಿಯೆಂದೇ ನನ್ನ ಅಭಿಪ್ರಾಯ. ದಿನವೆಲ್ಲ ಮೊಬೈಲ್ ಹಿಡಿದ ಮಗನನ್ನೆಲ್ಲ ರೋಗಿ ಎಂದರೆ, ನಿಜವಾಗಿ ಮುಳುಗುತ್ತಿರುವವನ ಕೂಗು ಆ ಗದ್ದಲದಲ್ಲಿ ಕೇಳಿಸುವುದಿಲ್ಲ.

ಮುಳುಗುತ್ತಿರುವವನ ಗುರುತುಗಳನ್ನು ಆ ಕೈಪಿಡಿ ಒಂಬತ್ತು ಎಂದು ಹೇಳುತ್ತದೆ. ಒಂದು ವರ್ಷದೊಳಗೆ ನಾಲ್ಕು ಕಂಡರೆ ಕಾಯಿಲೆ. ಅದೇ ರೋಮಾಂಚನಕ್ಕೆ ಬರಬರುತ್ತಾ ಹೆಚ್ಚು ದುಡ್ಡು ಕಟ್ಟಬೇಕಾಗುವುದು, ಬಿಡಲು ಹೋದರೆ ಸಿಡಿಮಿಡಿ, ಮನೆಯವರಿಗೆ ಸುಳ್ಳು, ಸಾಲ ತೀರಿಸಲು ಇನ್ನೊಬ್ಬರ ಮುಂದೆ ಕೈಚಾಚುವುದು. ಇವೆಲ್ಲ ನಮ್ಮ ಬೀದಿಗಳಲ್ಲೂ ಕಂಡದ್ದೇ. ಆದರೆ ಜೂಜಿಗೇ ವಿಶಿಷ್ಟವಾದ ಗುರುತು ಒಂದಿದೆ. ಸೋತವನು ಮಾರನೆಯ ದಿನ ಸೋತದ್ದನ್ನು ಎತ್ತಲು ಮತ್ತೆ ಬರುವುದು. ಅಮೆರಿಕದ ಸಮಾಜಶಾಸ್ತ್ರಜ್ಞ ಹೆನ್ರಿ ಲೆಸ್ಯೂರ್ 1977ರಲ್ಲಿ ಜೂಜುಗಾರರ ಬದುಕಿನ ಬಗ್ಗೆ ಬರೆದ ಪುಸ್ತಕದ ಹೆಸರೇ ‘ದಿ ಚೇಸ್’, ಅಂದರೆ ಬೆನ್ನಟ್ಟುವುದು. ಕುಡುಕ ತಾನು ಕುಡಿದ ಹೆಂಡವನ್ನು ವಾಪಸು ಪಡೆಯಲು ಕುಡಿಯುವುದಿಲ್ಲ. ಜೂಜಿನಲ್ಲಿ ಮಾತ್ರ ಚಟವೇ ಚಟದ ಸಾಲಕ್ಕೆ ಮದ್ದಿನಂತೆ ಕಾಣುತ್ತದೆ. ‘ಹೋದದ್ದನ್ನು ಎತ್ತಿಬಿಡ್ತೀನಿ, ಆಮೇಲೆ ಈ ಕಡೆ ತಲೆ ಹಾಕಲ್ಲ’ ಎನ್ನುವವನು ಸುಳ್ಳು ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ಅದನ್ನು ಪೂರ್ತಿ ನಂಬಿರುತ್ತಾನೆ.

ಇದಕ್ಕೆ ಧರ್ಮರಾಯನಿಗಿಂತ ದೊಡ್ಡ ಸಾಕ್ಷಿ ಬೇಕೆ? ದ್ಯೂತವೆಂದರೆ ನಮಗೆ ನೆನಪಾಗುವುದು ಮೊದಲ ಆಟ. ಶಕುನಿಯ ದಾಳ, ದ್ರೌಪದಿಯ ಸೀರೆ. ನಾನು ಮತ್ತೆ ಮತ್ತೆ ಹಿಂದಿರುಗುವುದು ಎರಡನೆಯ ಆಟಕ್ಕೆ. ಸೋತದ್ದೆಲ್ಲವನ್ನೂ ಧೃತರಾಷ್ಟ್ರ ಹಿಂದಕ್ಕೆ ಕೊಟ್ಟಾಗಿತ್ತು. ರಾಜ್ಯ ಬಂತು, ತಮ್ಮಂದಿರು ಬಂದರು, ಹೆಂಡತಿ ಬಂದಳು. ರಥ ಇಂದ್ರಪ್ರಸ್ಥದ ದಾರಿ ಹಿಡಿದಿತ್ತು. ಮತ್ತೆ ಕರೆ ಬಂತು, ಧರ್ಮರಾಯ ತಿರುಗಿ ಬಂದ. ಮೊದಲ ಆಟ ಮೋಸವೆನ್ನಬಹುದು, ಎರಡನೆಯದಕ್ಕೆ ಏನೆನ್ನುವುದು? ಕಾಡಿನಲ್ಲಿ ಬೃಹದಶ್ವ ಋಷಿ ಅವನಿಗೆ ನಳನ ಕಥೆ ಹೇಳುತ್ತಾನೆ. ಆ ಕಥೆಯಲ್ಲಿ ಋತುಪರ್ಣ ರಾಜ ತಾರೆ ಮರವೊಂದರ ಎಲೆ, ಕಾಯಿಗಳನ್ನು ನಿಂತ ನಿಲುವಿನಲ್ಲೇ ಎಣಿಸಿ ಹೇಳಿ, ದಾಳದ ಗುಟ್ಟೂ ಎಣಿಕೆಯ ಗುಟ್ಟೂ ಒಂದೇ ವಿದ್ಯೆ ಎಂದು ತೋರಿಸುತ್ತಾನೆ. ಆ ವಿದ್ಯೆ ಕಲಿತೊಡನೆ ನಳನ ಮೈಯಿಂದ ಕಲಿ ಹೊರಬೀಳುತ್ತಾನೆ. ಧರ್ಮರಾಯನಿಗೂ ಋಷಿ ಆ ವಿದ್ಯೆ ಕೊಡುತ್ತಾನೆ. ಆದರೆ ಅಜ್ಞಾತವಾಸದಲ್ಲಿ ವಿರಾಟನ ಬಳಿ ಯಾವ ಕೆಲಸ ಬೇಕೆಂದು ಯೋಚಿಸಿದಾಗ, ಎಲ್ಲವನ್ನೂ ದಾಳಕ್ಕೆ ಕಳೆದುಕೊಂಡ ಈ ಮನುಷ್ಯ ಆರಿಸಿಕೊಂಡದ್ದು ರಾಜನೊಡನೆ ಪಗಡೆಯಾಡುವ ಕಂಕಭಟ್ಟನ ಕೆಲಸವನ್ನು! ಉತ್ತರಕುಮಾರ ಗೆದ್ದ ಸುದ್ದಿ ಬಂದ ದಿನ ವಿರಾಟ ಆಟಕ್ಕೆ ಕರೆದಾಗ ಕಂಕ ಜೂಜಿನ ಕೇಡುಗಳನ್ನು ಹೇಳುತ್ತಾನೆ. ಯುಧಿಷ್ಠಿರನೆಂಬವನು ರಾಜ್ಯವನ್ನೇ ಕಳೆದುಕೊಂಡದ್ದನ್ನು ಕೇಳಿರಬಹುದಲ್ಲ, ನನಗಿದು ಹಿಡಿಸುವುದಿಲ್ಲ ಎನ್ನುತ್ತಾನೆ. ಆಮೇಲೆ, ನಿಮಗೆ ಬೇಕಿದ್ದರೆ ಆಡೋಣ ಎಂದು ಕೂರುತ್ತಾನೆ. ಅವನಿಗೆ ತಿಳಿಯದ್ದು ಏನೂ ಇರಲಿಲ್ಲ. ಚಟ ಹತ್ತಿದವರಿಗೆ ನಾವು ಗಂಟೆಗಟ್ಟಲೆ ಬುದ್ಧಿ ಹೇಳುತ್ತೇವಲ್ಲ, ಆಗೆಲ್ಲ ನನಗೆ ಈ ಸನ್ನಿವೇಶ ನೆನಪಾಗುತ್ತದೆ.

ಹಳಬರು ಇದಕ್ಕೆ ಬಳಸಿದ ಪದ ವ್ಯಸನ. ಜೈನರ ಸಪ್ತವ್ಯಸನಗಳಲ್ಲಿ ಮೊದಲನೆಯದೇ ದ್ಯೂತ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದೇ ಪದಕ್ಕೆ ರಾಜ್ಯಕ್ಕೆ ಬರುವ ವಿಪತ್ತು ಎಂದೂ ಅರ್ಥ. ಕನ್ನಡದಲ್ಲಿ ಅದು ಇನ್ನೊಂದು ದಾರಿ ಹಿಡಿದು ದುಃಖವೂ ಆಯಿತು. ‘ಸುದ್ದಿ ಕೇಳಿ ವ್ಯಸನವಾಯಿತು’ ಎನ್ನುತ್ತೇವೆ. ಒಂದೇ ಮನೆಯಲ್ಲಿ ಗಂಡನಿಗೆ ಒಂದು ಅರ್ಥದ ವ್ಯಸನ, ಹೆಂಡತಿಗೆ ಇನ್ನೊಂದು ಅರ್ಥದ್ದು.

ಹಾಗಾದರೆ ಹತ್ತುವುದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಬಂದರೆ ಹಕ್ಕಿ ಹಸಿವಿದ್ದಷ್ಟು ಕುಕ್ಕಿ ಸುಮ್ಮನಾಗುತ್ತದೆ. ಯಾವ ಕುಕ್ಕಿಗೆ ಕಾಳು ಬರುತ್ತದೆಂದು ತಿಳಿಯದಂತೆ ಮಾಡಿದರೆ ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಸಹೋದ್ಯೋಗಿ ಫರ್ಸ್ಟರ್ ಜೊತೆ ಅವನು ಈ ಪ್ರಯೋಗಗಳನ್ನೆಲ್ಲ ಪುಸ್ತಕವಾಗಿ ತಂದದ್ದು 1957ರಲ್ಲಿ. ಜೂಜಿನ ಯಂತ್ರಗಳು ನಡೆಯುವುದು ಇದೇ ಕ್ರಮದಲ್ಲೆಂದು ಅವನೇ ಗುರುತಿಸಿದ್ದ.

ಮನುಷ್ಯನ ತಲೆಯಲ್ಲಿ ಇನ್ನಷ್ಟು ಸೇರಿಕೊಳ್ಳುತ್ತದೆ. ಇಸ್ಪೀಟು ಕಟ್ಟೆಯಲ್ಲಿ ‘ಒಂದೇ ಎಲೆಗೆ ತಪ್ಪಿತು’, ‘ಸ್ವಲ್ಪದರಲ್ಲಿ ಹೋಯ್ತು’ ಎಂಬ ಮಾತು ಕೇಳದವರಿಲ್ಲ. ಸೋಲು ಸೋಲೇ, ಒಂದೆಲೆಗೆ ತಪ್ಪಿದರೇನು, ಹತ್ತೆಲೆಗೆ ತಪ್ಪಿದರೇನು. ಆದರೆ 2009ರಲ್ಲಿ ಕೇಂಬ್ರಿಡ್ಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಜನರನ್ನು ಮಲಗಿಸಿ ಜೂಜಾಡಿಸಿದಾಗ, ಕೂದಲೆಳೆಯಲ್ಲಿ ತಪ್ಪಿದ ಸೋಲಿಗೂ ಗೆಲುವಿಗೆ ಮಿಡಿಯುವ ಭಾಗಗಳೇ ಮಿಡಿದವು. ಬೇಸರವಾಯಿತು ಎಂದರು, ಮತ್ತೆ ಆಡಬೇಕೆನಿಸಿತು ಎಂದೂ ಹೇಳಿದರು.

ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಸರಳ. ಒಂದು ಡಾಲರಿನ ಲಾಟರಿ ಚೀಟಿಯನ್ನು ಕೆಲವರಿಗೆ ತಾವೇ ಆರಿಸಿಕೊಳ್ಳಲು ಬಿಟ್ಟರು, ಕೆಲವರಿಗೆ ಕೈಗೆ ಸಿಕ್ಕಿದ್ದನ್ನು ಕೊಟ್ಟರು. ಆಮೇಲೆ ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಕೊಟ್ಟದ್ದನ್ನು ತೆಗೆದುಕೊಂಡವರು ಸರಾಸರಿ 1.96 ಡಾಲರ್ ಹೇಳಿದರೆ, ತಾವೇ ಆರಿಸಿದವರು 8.67 ಡಾಲರ್ ಹೇಳಿದರು. ನಮ್ಮಲ್ಲಿ ಓಸಿ ಬರೆಸುವವರು ರಾತ್ರಿ ಕಂಡ ಕನಸಿನಿಂದ, ಕಣ್ಣೆದುರು ಹಾದ ಲಾರಿಯ ನಂಬರಿನಿಂದ ಅಂಕಿ ತೆಗೆಯುತ್ತಿದ್ದುದೂ ಇದೇ ನಂಬಿಕೆಯಿಂದ. ಅಂಕಿ ತನ್ನದಾದರೆ ಅದೃಷ್ಟವೂ ಅರ್ಧ ತನ್ನದಾದ ಹಾಗೆ. ಆನ್‌ಲೈನ್ ಆಟಗಳ ಜಾಹೀರಾತಿನಲ್ಲಿ ‘ನಿಮ್ಮ ತಂಡ ನೀವೇ ಕಟ್ಟಿ’ ಎಂದು ಕರೆದದ್ದನ್ನು ಕೇಳಿದಾಗಲೆಲ್ಲ ಆ 8.67 ನನ್ನ ಕಣ್ಣಿಗೆ ಕಟ್ಟುತ್ತಿತ್ತು.

‘ಹತ್ತಿತು’ ಎಂಬ ನಮ್ಮ ಕ್ರಿಯಾಪದ ಎಷ್ಟು ನಿಜವೆಂದು ನನಗೆ ಅಲ್ಲಾಡಿಸಿ ತೋರಿಸಿದ್ದು ಮಾತ್ರ ಜೂಜಿಗೆ ಸಂಬಂಧವೇ ಇಲ್ಲದ ಒಂದು ಕಾಯಿಲೆ. ಪಾರ್ಕಿನ್ಸನ್ ರೋಗದಲ್ಲಿ ಕೈಕಾಲು ನಡುಗುವುದು ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗಿ. ಅದಕ್ಕೆ ಡೋಪಮೈನಿನಂತೆಯೇ ಕೆಲಸ ಮಾಡುವ ಮಾತ್ರೆಗಳಿವೆ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 2005ರಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದ 11 ರೋಗಿಗಳ ವಿವರ ಪ್ರಕಟಿಸಿದರು. ಅವರೆಲ್ಲ ಜೂಜಿಗೆ ಬಿದ್ದಿದ್ದರು. ಇಂಥವರು ಬೇರೆ ಕಡೆಗಳಲ್ಲೂ ಸಿಕ್ಕರು. ಬದುಕಿಡೀ ಒಂದು ಪೈಸೆ ಬಾಜಿ ಕಟ್ಟದವರೂ ಅವರಲ್ಲಿದ್ದರು. ಮಾತ್ರೆ ನಿಲ್ಲಿಸಿದಾಗ, ಕಡಿಮೆ ಮಾಡಿದಾಗ ಅನೇಕರ ಜೂಜೂ ನಿಂತಿತು. ಇಳಿವಯಸ್ಸಿನಲ್ಲಿ ಹಠಾತ್ತನೆ ಉಳಿತಾಯವೆಲ್ಲ ಕಳೆಯತೊಡಗಿದ ತಂದೆಯನ್ನು ಮಕ್ಕಳು ಏನೆಂದು ಬೈದಿರಬಹುದು, ಆ ಮನುಷ್ಯ ತನ್ನನ್ನೇ ಏನೆಂದು ಹಳಿದುಕೊಂಡಿರಬಹುದು? ಜೂಜಾಡುವವರೆಲ್ಲ ಮಾತ್ರೆ ನುಂಗಿದವರಲ್ಲ, ಒಪ್ಪುತ್ತೇನೆ. ಆದರೆ ಗುಣವೆಂದು, ಚಾರಿತ್ರ್ಯವೆಂದು ನಾವು ಕರೆಯುವುದರ ಎಷ್ಟು ಪಾಲು ಒಂದು ರಾಸಾಯನಿಕದ ಏರಿಳಿತದ ಮೇಲೆ ನಿಂತಿದೆ ಎಂಬುದನ್ನು ಇದಾದ ಮೇಲೆ ಮರೆಯಲು ಆಗುವುದಿಲ್ಲ.

ಹತ್ತು ಎಂಬುದಕ್ಕೆ ಕನ್ನಡದಲ್ಲಿ ಪ್ರೇರಣಾರ್ಥಕ ರೂಪವೊಂದಿದೆ, ಹತ್ತಿಸು. ನಾವು ಸಾಕಷ್ಟು ಬಳಸದ ರೂಪ ಇದೇ. ‘ಅವನಿಗೆ ಚಟ ಹತ್ತಿತು’ ಎನ್ನುವಲ್ಲಿ ‘ಹತ್ತಿಸಿದರು’ ಎನ್ನಬೇಕಾದ ಸಂದರ್ಭಗಳು ಎಷ್ಟೋ. ನಟಾಶಾ ಡೌ ಶುಲ್ ಎಂಬ ಮಾನವಶಾಸ್ತ್ರಜ್ಞೆ ಲಾಸ್ ವೇಗಾಸ್‌ನ ಜೂಜುಯಂತ್ರಗಳನ್ನೂ ಅವನ್ನು ಮಾಡುವವರನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿ 2012ರಲ್ಲಿ ಪುಸ್ತಕ ಬರೆದರು. ಕುರ್ಚಿಯ ಎತ್ತರ, ಗುಂಡಿಯ ಮೆದುತನ, ಆಟದ ವೇಗ ಎಲ್ಲವನ್ನೂ ಕೂತವರು ಏಳದಂತೆ ಅಳೆದು ಮಾಡಿರುತ್ತಾರೆ. ಆಡುವವರು ಅವರಿಗೆ ಹೇಳಿದ್ದು ಇನ್ನೂ ಕಳವಳದ ಮಾತು: ಗೆಲ್ಲಲೆಂದು ಆಡುತ್ತಿಲ್ಲ, ಆಡುತ್ತಲೇ ಇರಲೆಂದು ಆಡುತ್ತಿದ್ದೇವೆ. ಹಣ ಆಗ ಗುರಿಯಲ್ಲ, ಯಂತ್ರದ ಮುಂದೆ ಇನ್ನಷ್ಟು ಹೊತ್ತು ಕೂರಲು ತೆರುವ ಬಾಡಿಗೆ.

ನಮ್ಮ ಕಾನೂನು ಬಹುಕಾಲ ಹಿಡಿದದ್ದು ಹತ್ತಿದವರನ್ನು. ‘ಇಸ್ಪೀಟು ಅಡ್ಡೆ ಮೇಲೆ ದಾಳಿ, ಜೂಜುಕೋರರ ಬಂಧನ’ ಎಂಬ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ಲಂಚಕೋರ, ಚಾಡಿಕೋರರ ಸಾಲಿನ ಆ ‘ಕೋರ’ ಒಮ್ಮೆ ಹೆಸರಿಗೆ ಅಂಟಿದರೆ ಬಿಡುವುದಿಲ್ಲ. ಲಾಟರಿಯ ಮಟ್ಟಿಗೆ ಕರ್ನಾಟಕ ಬೇರೆ ದಾರಿ ಹಿಡಿಯಿತು. ದಿನಗೂಲಿಯನ್ನು ಸಂಜೆಯೊಳಗೆ ನುಂಗುತ್ತಿದ್ದ ಒಂದಂಕಿ ಲಾಟರಿಯ ಕಾಲ ಕಂಡವರಿಗೆ 2007ರ ನಿಷೇಧದ ಬೆಲೆ ಗೊತ್ತು. ಅಂದು ಮುಚ್ಚಿದ್ದು ಅಂಗಡಿಯನ್ನು. ಆನ್‌ಲೈನ್ ಜೂಜಿನ ಮೇಲೆ 2021ರಲ್ಲಿ ರಾಜ್ಯ ತಂದ ತಿದ್ದುಪಡಿಯನ್ನು ಮರುವರ್ಷ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೂ ಶಿಕ್ಷೆಯಿದೆ. ಆಡುವವನಿಗೆ ಇಲ್ಲ. ಕಂಪನಿಗಳು ಕೋರ್ಟಿಗೆ ಹೋದವು. ಆದರೂ ‘ಹತ್ತಿಸು’ ಎಂಬ ಕ್ರಿಯಾಪದಕ್ಕೆ ಕಾಯ್ದೆಯೊಂದು ಕರ್ತೃವನ್ನು ಹುಡುಕಿತಲ್ಲ, ಅದು ನನಗೆ ಸಮಾಧಾನದ ಸಂಗತಿ.

ಬಿಡುವುದಕ್ಕೂ ಇನ್ನೊಂದು ರೂಪವುಂಟು, ಬಿಡಿಸು. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ ಎಂದು ಕೇಳಿದರು. ಅವರ ಹುಟ್ಟಿದ ದಿನ, ಆಗಸ್ಟ್ 1, ಈಗ ರಾಜ್ಯದ ವ್ಯಸನಮುಕ್ತ ದಿನ. ಒಬ್ಬ ಸ್ವಾಮಿ ಮನೆ ಬಾಗಿಲಿಗೆ ಬಂದು ಕೈಯೊಡ್ಡಿದಾಗ ಬಿಡುವವನು ಒಂಟಿಯಾಗಿ ಉಳಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್‌ನಲ್ಲಿ ಮೊಬೈಲ್, ಗೇಮಿಂಗ್ ಚಟಗಳಿಗೆಂದೇ ಚಿಕಿತ್ಸೆ ಇದೆ. ಜೂಜಿನ ಚಟಕ್ಕೆ ಇಂದು ಮುಖ್ಯ ಚಿಕಿತ್ಸೆ ಆಪ್ತಸಮಾಲೋಚನೆಯೇ. ‘ಹೋದದ್ದನ್ನು ಎತ್ತುತ್ತೇನೆ’ ಎಂಬ ಯೋಚನೆಯನ್ನು ಹಿಡಿದು ನಿಲ್ಲಿಸಿ ಪರೀಕ್ಷಿಸುವುದನ್ನು ಕಲಿಸುತ್ತಾರೆ, ಹಣದ ವ್ಯವಹಾರವನ್ನು ಸ್ವಲ್ಪ ಕಾಲ ಮನೆಯವರ ಕೈಗೆ ಕೊಡಿಸುತ್ತಾರೆ. ಸಾಲದ ಭಾರದಲ್ಲಿ ಪ್ರಾಣಕ್ಕೇ ಕುತ್ತು ತಂದುಕೊಳ್ಳುವ ಯೋಚನೆ ಬರುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ, ಆದ್ದರಿಂದ ತಡಮಾಡುವಂತಿಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡುವವರು ಚಟ ಹತ್ತಿದವರೇ ಆಗಬೇಕೆಂದಿಲ್ಲ. ತಾಯಿ, ಹೆಂಡತಿ, ಗೆಳೆಯ, ಯಾರು ಬೇಕಾದರೂ ಮಾಡಬಹುದು.