ಹಲ್ಲಿನ ಕರೆಯ ಚರಿತ್ರೆ

ದಂತವೈದ್ಯರಲ್ಲಿಗೆ ಹೋಗಿಬಂದ ನನ್ನ ತಂಗಿ ಅವರು ಬರೆದುಕೊಟ್ಟ ಚೀಟಿಯನ್ನು ಮುಂದಿಟ್ಟು, "ಅಣ್ಣಾ, ಇದನ್ನು ಸ್ವಲ್ಪ ಬಿಡಿಸಿ ಹೇಳು" ಎಂದಳು. ಕೇರೀಸ್, ಕ್ಯಾಲ್ಕ್ಯುಲಸ್, ಫ್ಲೋರೋಸಿಸ್ ಎಂಬ ಮೂರು ಪದಗಳು ಅದರಲ್ಲಿದ್ದವು. ಮೊದಲಿನೆರಡನ್ನು ಸುಲಭವಾಗಿ ಹೇಳಿದೆ. ಮೂರನೆಯದನ್ನು ಹೇಳುವಾಗ ಮಾತು ತಡವರಿಸಿತು.

ಕೇರೀಸ್ ಎಂದರೆ ನಮ್ಮ ಹುಳುಕು. ಆ ಪದದೊಳಗೇ ಹುಳು ಕುಳಿತಿದೆ. ಹಲ್ಲನ್ನು ಹುಳು ಕೊರೆಯುತ್ತದೆಂಬ ನಂಬಿಕೆ ಪ್ರಾಚೀನ ಬ್ಯಾಬಿಲೋನಿಯದಲ್ಲಿಯೂ ಇತ್ತು. ಸುಶ್ರುತ ಸಂಹಿತೆಯಲ್ಲಿ ಈ ರೋಗದ ಹೆಸರೇ 'ಕೃಮಿದಂತಕ'. ಫ್ರಾನ್ಸಿನ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಈ ಹುಳುವನ್ನು ಅಲ್ಲಗಳೆದನು. ಬಾಯಿಯ ಸೂಕ್ಷ್ಮಜೀವಿಗಳು ಸಿಹಿ ಮತ್ತು ಪಿಷ್ಟದಿಂದ ಆಮ್ಲವನ್ನು ಉಂಟುಮಾಡಿ ಹಲ್ಲನ್ನು ಕರಗಿಸುತ್ತವೆಂದು ಮಿಲ್ಲರ್ ಎಂಬ ವಿದ್ವಾಂಸನು 1890ರಲ್ಲಿ ವಿವರಿಸಿದನು. ಕ್ಯಾಲ್ಕ್ಯುಲಸ್ ಎಂದರೆ ಹಲ್ಲಿನ ಪಾಚಿ ಗಟ್ಟಿಯಾಗಿ ಕಲ್ಲಿನಂತಾದುದು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಸಣ್ಣ ಕಲ್ಲು ಎಂದೇ ಅರ್ಥ. (ಗಣಿತದಲ್ಲಿ ನಿಮ್ಮಲ್ಲನೇಕರನ್ನು ಕಾಡಿದ ಕ್ಯಾಲ್ಕ್ಯುಲಸ್ ಕೂಡ ಇದೇ ಕಲ್ಲು!)

ಇನ್ನು ಫ್ಲೋರೋಸಿಸ್. ನಮ್ಮ ಕಡೆ ಇದಕ್ಕೆ ಬೇರೆ ಹೆಸರಿರಲಿಲ್ಲ. 'ಕರೆ ಹಲ್ಲು' ಎಂದಷ್ಟೇ ಹೇಳುತ್ತಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಉಗುರು, ಹಲ್ಲು ತಪಾಸಣೆ ಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಮಾಲೇಕಲ್ಲಿನ ಆಚೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನೊಬ್ಬನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. "ಹಲ್ಲುಜ್ಜದೆ ಶಾಲೆಗೆ ಬರುತ್ತೀಯಾ?" ಎಂದು ಅವನನ್ನು ಎಷ್ಟೋ ದಿನ ಸಾಲಿನಿಂದಾಚೆ ನಿಲ್ಲಿಸಿದೆ. ಅವನು ಇಟ್ಟಿಗೆ ಪುಡಿಯಿಂದ ಒಸಡಿನಲ್ಲಿ ರಕ್ತ ಬರುವಂತೆ ಉಜ್ಜಿಕೊಂಡು ಬಂದ ದಿನವೂ ಪಟ್ಟೆಗಳು ಹಾಗೆಯೇ ಇದ್ದವು. ಆಗಲೂ ನನಗೆ ಅನುಮಾನ ಮೂಡಲಿಲ್ಲ.

ಆ ಕರೆ ಹೊರಗಿನಿಂದ ಅಂಟಿದ್ದಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ, ಸುಮಾರು ಎಂಟು ವರ್ಷದೊಳಗೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ ಎನಾಮಲ್ ಎಂಬ ಹೊರಕವಚ ಸರಿಯಾಗಿ ಬಲಿಯುವುದಿಲ್ಲ. ಹಲ್ಲು ಮೂಡುವಾಗಲೇ ಸುಣ್ಣದಂತಹ ಮಚ್ಚೆಗಳಿರುತ್ತವೆ. ಕಾಲಕ್ರಮದಲ್ಲಿ ಅವು ಕಂದಾಗುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಹಲ್ಲುಗಳ ಮೇಲೆ ಇದೇ ಕರೆಯನ್ನು ಕಂಡನು. ದೋಷ ನೀರಿನಲ್ಲಿರಬೇಕೆಂದು ಶಂಕಿಸಿ ವರ್ಷಗಟ್ಟಲೆ ಅದರ ಬೆನ್ನು ಹತ್ತಿದನು. ಕಾರಣ ಫ್ಲೋರೈಡ್ ಎಂದು ರಸಾಯನ ತಜ್ಞ ಚರ್ಚಿಲ್ ಕಂಡುಹಿಡಿದದ್ದು 1931ರಲ್ಲಿ. ನಮ್ಮ ದೇಶದಲ್ಲಿ ಇದು ಮೂಳೆಗಳನ್ನೂ ಬಿಗಿಯುತ್ತದೆಂಬ ವರದಿ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಹೊರಟಿತು. ಅಂದರೆ, ನಾನು ಆ ಹುಡುಗನನ್ನು ಸಾಲಿನಿಂದಾಚೆ ನಿಲ್ಲಿಸುವ ಎಷ್ಟೋ ವರ್ಷಗಳ ಮೊದಲೇ ಉತ್ತರ ಪುಸ್ತಕಗಳಲ್ಲಿತ್ತು.

ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕ. ನಮ್ಮ ಅರಸೀಕೆರೆ ತಾಲ್ಲೂಕಿನ ಅನೇಕ ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬುದನ್ನು ಹಳ್ಳಿಯಲ್ಲಿರುವ ನೆಂಟರು ಗಮನಿಸಬೇಕು.

ಕೆಲವು ವರ್ಷಗಳ ಹಿಂದೆ ಆಷಾಢದ ತೇರಿಗೆಂದು ಮಾಲೇಕಲ್ಲು ತಿರುಪತಿಗೆ ಹೋಗಿದ್ದೆ. ಮೆಟ್ಟಿಲ ಬಳಿ ಅದೇ ಹುಡುಗ ಸಿಕ್ಕಿದ. ಈಗ ತಲೆ ನರೆತ ಗೃಹಸ್ಥ. "ಅಂದು ನಿನ್ನದೇನೂ ತಪ್ಪಿರಲಿಲ್ಲ ಕಣಪ್ಪಾ, ನಿಮ್ಮೂರಿನ ನೀರಿನದು" ಎಂದೆ. "ಅಯ್ಯೋ, ಅದನ್ನಿನ್ನೂ ನೆನಪಿಟ್ಟುಕೊಂಡಿದ್ದೀರಾ ಮೇಷ್ಟ್ರೇ!" ಎಂದು ನಕ್ಕ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಿದ್ದ.