ಮೊದಲ ದಮ್ ಕೊಟ್ಟಿದ್ದು ಯಾರು?

ನಮ್ಮ ಕಡೆ ಇತಿಹಾಸ | ಭಾಗ 6

ಭಾನುವಾರ ಬೆಳಗಿನ ಜಾವ ಹೊಸಕೋಟೆಯಲ್ಲಿ ಬಿರಿಯಾನಿಗೆ ಕ್ಯೂ ನಿಂತಿದ್ದೀರಾ? ದೇವನಹಳ್ಳಿ ದಾಟಿ ನಂದಿ ಬೆಟ್ಟಕ್ಕೆ ಬೈಕಲ್ಲಿ ಹೋಗಿದ್ದೀರಾ? ಹಾಗಿದ್ರೆ ದಾರಿಯ ಟೀ ಅಂಗಡೀಲಿ ಇದನ್ನ ನೋಡೇ ಇರ್ತೀರ. ಐದು ಜನ, ಐದು ಟೀ, ಒಂದೇ ಸಿಗರೇಟು. ಕೈಯಿಂದ ಕೈಗೆ ದಾಟ್ತಾ ಬರುತ್ತೆ. "ಒಂದು ದಮ್ ಎಳಿ ಮಗಾ, ಏನೂ ಆಗಲ್ಲ."

ಪಿಯುಸೀಲಿ ನನ್ನ ಕೈಗೂ ಬಂತು. ಸೇದಬೇಕು ಅಂತ ಆಸೆ ಏನಿರಲಿಲ್ಲ. ಬೇಡ ಅಂದ್ರೆ ಮುಂದಿನ ವಾರ ಕರೆಯಲ್ವೇನೋ ಅನ್ನೋ ಭಯ ಇತ್ತು. ಎಳೆದೆ, ಕೆಮ್ಮಿದೆ, ಎಲ್ರೂ ನಕ್ರು. ಮೂರನೇ ವಾರ ಕೆಮ್ಮು ಬರಲಿಲ್ಲ.

ಈ ದಾಕ್ಷಿಣ್ಯದ ಕಥೆ 400 ವರ್ಷ ಹಳೇದು ಅಂತ ಆಮೇಲೆ ಓದಿ ಗೊತ್ತಾಯ್ತು.

1️⃣ ಬಿಜಾಪುರ, 1604ರ ಸುಮಾರು
ಹೊಗೆಸೊಪ್ಪು ನಮ್ಮ ನೆಲದ ಗಿಡ ಅಲ್ಲ. ಅಮೆರಿಕ ಖಂಡದ್ದು, ಪೋರ್ಚುಗೀಸರ ಜೊತೆ ಇಲ್ಲಿಗೆ ಬಂತು. ಅಕ್ಬರನ ದೂತ ಅಸದ್ ಬೇಗ್ ಅದನ್ನ ಮೊದಲು ನೋಡಿದ್ದು ನಮ್ಮ ಬಿಜಾಪುರದಲ್ಲಿ. ರತ್ನ ಕೂರಿಸಿದ ಕೊಳವೆ ಮಾಡಿಸಿ, ತಂಬಾಕಿನ ಜೊತೆ ಬಾದಷಹನ ಮುಂದಿಟ್ಟ. ವೈದ್ಯ ಬೇಡ ಅಂದ. ಆದ್ರೂ ತಂದವನ ಮನಸ್ಸು ನೋಯಬಾರದು ಅಂತ ಅಕ್ಬರ್ ಎರಡು ಮೂರು ದಮ್ ಎಳೆದನಂತೆ. ಇದನ್ನ ಬರೆದಿಟ್ಟಿರೋದು ಸ್ವತಃ ಅಸದ್ ಬೇಗನೇ. ಆಮೇಲೆ ಆಸ್ಥಾನದ ದೊಡ್ಡವರೆಲ್ಲ ನಂಗೂ ಬೇಕು ಅಂತ ಹೇಳಿಕಳಿಸಿದ್ರು. ವ್ಯಾಪಾರಿಗಳು ಮಾರೋಕೆ ಶುರು ಮಾಡಿದ್ರು. 1617ರಲ್ಲಿ ಜಹಾಂಗೀರ್ ನಿಷೇಧ ಹಾಕಿದ. ಅಷ್ಟೊತ್ತಿಗೆ ಚಟ ಊರೂರಿಗೆ ಹಬ್ಬಿತ್ತು.

2️⃣ ಬೆಂಗಳೂರು, 1913
ಇಂಪೀರಿಯಲ್ ಟೊಬ್ಯಾಕೊ ಕಂಪನಿ, ಅಂದ್ರೆ ಇವತ್ತಿನ ಐಟಿಸಿ, ತನ್ನ ಮೊದಲ ಸಿಗರೇಟ್ ಫ್ಯಾಕ್ಟರಿ ತೆರೆದಿದ್ದು ಇಲ್ಲೇ. ಹುಕ್ಕಾ ಸೇದೋಕೆ ಒಂದು ಕಡೆ ಕೂರಬೇಕು. ಸಿಗರೇಟು ಜೇಬಲ್ಲಿ ಇರುತ್ತೆ, ಒಂದೊಂದೇ ತೆಗೆದು ಕೊಡಬಹುದು. ಸ್ನೇಹಕ್ಕೆ ಹೇಳಿ ಮಾಡಿಸಿದ ಹಾಗೆ.

3️⃣ ಚಿನ್ನಸ್ವಾಮಿ ಸ್ಟೇಡಿಯಂ, 9 ಮಾರ್ಚ್ 1996
ನಮ್ಮ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ನ ಬೌಲ್ಡ್ ಮಾಡಿದ ಮ್ಯಾಚ್. ಆ ಟೂರ್ನಿ ಹೆಸರೇನು ಗೊತ್ತಾ? ವಿಲ್ಸ್ ವಿಶ್ವಕಪ್. ವಿಲ್ಸ್ ಸಿಗರೇಟಿನ ಬ್ರ್ಯಾಂಡು! ಅದೇ ವರ್ಷ ಗೋವಾ ಶಾಲಾ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟವಾಯ್ತು. ಸಿಗರೇಟು ಕೆಟ್ಟದ್ದು ಅಂತ ಚೆನ್ನಾಗಿ ಗೊತ್ತಿದ್ದರೂ, ಸಿಗರೇಟ್ ಬ್ರ್ಯಾಂಡ್ ಪ್ರಾಯೋಜಿಸಿದ ಕ್ರಿಕೆಟ್ ನೋಡಿದ ಮಕ್ಕಳಲ್ಲಿ ಸೇದಿ ನೋಡೋ ಸಾಧ್ಯತೆ ಹೆಚ್ಚಿತ್ತು.

4️⃣ ಜಾಹೀರಾತು ನಿಂತ ಮೇಲೆ
2003ರ ಕಾನೂನು ತಂಬಾಕು ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ ನಿಷೇಧಿಸಿತು. ಈಗ ಆ ಕೆಲಸ ಮಾಡ್ತಿರೋದು ಯಾರು? ನಾವೇ, ಸಂಬಳ ಇಲ್ದೆ. ಸ್ಲೋ ಮೋಷನ್ ಹೊಗೆ ರೀಲ್ ಹಾಕೋದು ನಾವು, ಜೂನಿಯರ್‌ಗೆ "ಟ್ರೈ ಮಾಡೋ" ಅನ್ನೋದೂ ನಾವು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೇಲಿ ಹತ್ತನೇ ಕ್ಲಾಸಿನ ನನ್ನ ತಮ್ಮ "ಅಣ್ಣ, ಒಂದೇ ಒಂದ್ಸಲ ಕೊಡೋ" ಅಂದ. ನನ್ನ ಕೈ ಮುಂದೆ ಹೋಗಿಬಿಟ್ಟಿತ್ತು. ಅವನ ಮುಖ ನೋಡಿ ಹಿಂದಕ್ಕೆ ತಗೊಂಡೆ, ಕಾಲಲ್ಲಿ ಹೊಸಕಿ ಹಾಕಿದೆ. ನಂಗೆ ಪೂರ್ತಿ ಬಿಡೋಕೆ ಇನ್ನೂ ಎಂಟು ತಿಂಗಳು ಹಿಡೀತು.

5️⃣ ಈಗ
2025ರಲ್ಲಿ ಬಂದ ಕರ್ನಾಟಕದ ತಿದ್ದುಪಡಿ ಪ್ರಕಾರ 21 ವರ್ಷದೊಳಗಿನವರಿಗೆ ಸಿಗರೇಟು ಮಾರೋ ಹಾಗಿಲ್ಲ. ಬಿಡಿ ಸಿಗರೇಟೂ ಮಾರೋ ಹಾಗಿಲ್ಲ. ಆದ್ರೆ ಈ ನಿಯಮ ಅಂಗಡಿಯವರಿಗೆ, ಕೈ ಚಾಚೋ ಗೆಳೆಯನನ್ನ ತಡೆಯೋರು ಯಾರು?

"ಎಲ್ರೂ ಸೇದ್ತಾರೆ" ಅಂತಾರಲ್ಲ, ಅದನ್ನೂ ಒಮ್ಮೆ ಲೆಕ್ಕ ಹಾಕಿ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ ಪ್ರಕಾರ 13ರಿಂದ 15 ವಯಸ್ಸಿನ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸೋರು ದೇಶದಲ್ಲಿ ಶೇ. 8.5, ಕರ್ನಾಟಕದಲ್ಲಿ ಶೇ. 1.2. ನೂರು ಜನರಲ್ಲಿ ಹೆಚ್ಚು ಕಡಿಮೆ ಒಬ್ಬರು. ಟೀ ಅಂಗಡಿ ಹತ್ರ ಆ ಒಬ್ಬರೇ ಕಣ್ಣಿಗೆ ಬೀಳ್ತಾರೆ. ಉಳಿದ 99 ಜನ ಟೀ ಕುಡಿದು ಮನೆಗೆ ಹೋಗಿರ್ತಾರೆ.

ಅಂದ ಹಾಗೆ, ಅಕ್ಬರ್ ಏನಾದ ಅಂತ ಹೇಳಲಿಲ್ಲ ಅಲ್ವಾ? ಆ ಎರಡು ಮೂರು ದಮ್‌ಗೆ ನಿಲ್ಲಿಸಿದ. ಚಟ ಮಾಡ್ಕೊಳ್ಳಲಿಲ್ಲ. ಅದಕ್ಕೇನೂ ಅವನ ದರ್ಬಾರು ಖಾಲಿ ಆಗಲಿಲ್ಲ.

ನಿಮ್ಗೆ ಮೊದಲು ಕೊಟ್ಟಿದ್ದು ಯಾರು, ನೀವು ಬೇಡ ಅಂದಿದ್ದು ಹೇಗೆ? ಹೆಸರು ಬೇಡ, ಕಥೆ ಬರೀರಿ 👇

#ನಮ್ಮಕಡೆಇತಿಹಾಸ #ದೇವನಹಳ್ಳಿ #ಹೊಸಕೋಟೆ #ದೊಡ್ಡಬಳ್ಳಾಪುರ